ನಲವತ್ತರ ಆಚೀಚೆ ಶಿಕ್ಷಕರಾಗಲು ಹೊರಟವರಿಗೆ: ಡಿ.ಇಎಲ್.ಇಡಿ., ಬಿ.ಇಡಿ., ಅತಿಥಿ ಶಿಕ್ಷಕ ಕೆಲಸ, ಯಾವುದು ಯಾರಿಗೆ?

ನಡುವಯಸ್ಸಿನಲ್ಲಿ ಮಾಸ್ತರಿಕೆಗೆ ಬರಬೇಕೆನ್ನುವವರು ಉತ್ತರ ಕನ್ನಡದ ಯಾವ ಊರಿಗೆ ಹೋದರೂ ಒಬ್ಬಿಬ್ಬರಾದರೂ ಸಿಗುತ್ತಾರೆ. ತೋಟವನ್ನೂ ವಯಸ್ಸಾದ ತಂದೆತಾಯಿಯನ್ನೂ ನೋಡಿಕೊಳ್ಳಲೆಂದು ಬೆಂಗಳೂರಿನ ಕೆಲಸ ಬಿಟ್ಟು ಸಿದ್ದಾಪುರದ ಕಡೆ ಮರಳಿದ ಇಂಜಿನಿಯರು, ಮಕ್ಕಳು ಕಾಲೇಜು ಸೇರಿದ ಮೇಲೆ ಹಳೆಯ ಬಿ.ಎಸ್ಸಿ. ಅಂಕಪಟ್ಟಿಯನ್ನು ಕಪಾಟಿನಿಂದ ಹೊರತೆಗೆದ ಕುಮಟಾದ ಗೃಹಿಣಿ, ನೌಕಾಪಡೆಯ ಸೇವೆ ಮುಗಿಸಿ ಕಾರವಾರದಲ್ಲೇ ಮನೆ ಮಾಡಿದ ಮಾಜಿ ಸೈನಿಕ, ಕೊಲ್ಲಿ ದೇಶದಿಂದ ಊರಿಗೆ ಬಂದ ಭಟ್ಕಳದ ಅಕೌಂಟೆಂಟ್, ಇವರೆಲ್ಲ ಕೇಳುವುದು ಒಂದೇ ಪ್ರಶ್ನೆಯನ್ನು: ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಆದ ಡಿ.ಇಎಲ್.ಇಡಿ. ಮಾಡಲೋ, ಬಿ.ಇಡಿ. ಮಾಡಲೋ, ದೂರಶಿಕ್ಷಣದಲ್ಲಿ ಮುಗಿಸಲೋ, ಅಥವಾ ಸದ್ಯಕ್ಕೆ ಯಾವುದಾದರೂ ಶಾಲೆ ಸೇರಿಕೊಂಡುಬಿಡಲೋ? ಪ್ರಶ್ನೆ ಒಂದೇ ಆದರೂ ಈ ನಾಲ್ವರಿಗೆ ಸಲ್ಲುವ ಉತ್ತರ ಬೇರೆಬೇರೆ.

ಇಪ್ಪತ್ತೆರಡರ ಹರೆಯದವರು ಮೊದಲು ಕೋರ್ಸು ಮುಗಿಸಿ ಆಮೇಲೆ ಕೆಲಸ ಹುಡುಕಿದರೂ ನಡೆಯುತ್ತದೆ. ನಲವತ್ತರ ಆಚೀಚೆ ಇರುವವರು ಮಾತ್ರ ಯಾವ ತರಗತಿಗೆ, ಯಾವ ಬಗೆಯ ಶಾಲೆಯಲ್ಲಿ, ಯಾವ ಊರಿನಲ್ಲಿ ಕಲಿಸುವುದೆಂದು ಮೊದಲು ಖಚಿತ ಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಕೋರ್ಸಿನ ಆಯ್ಕೆಗೆ ಬರಬೇಕು. ಈ ಕ್ರಮ ತಪ್ಪಿದರೆ ಎರಡು ವರ್ಷ ಮತ್ತು ಕೂಡಿಟ್ಟ ಹಣ ಎರಡೂ ಹೋಗಿ, ಕೈಯಲ್ಲಿ ಉಪಯೋಗಕ್ಕೆ ಬಾರದ ಪ್ರಮಾಣಪತ್ರವೊಂದು ಉಳಿಯುವ ಸಾಧ್ಯತೆ ಇದೆ.

ಮೊದಲು ಅಳೆದುಕೊಳ್ಳಬೇಕಾದದ್ದು

ಎಲ್ಲಕ್ಕಿಂತ ಮುಂಚೆ ವಯಸ್ಸಿನ ಲೆಕ್ಕ. ರಾಜ್ಯ ಸರ್ಕಾರದ ಶಿಕ್ಷಕರ ನೇಮಕಾತಿಯಲ್ಲಿ ಸಾಮಾನ್ಯ ವರ್ಗದ ಗರಿಷ್ಠ ವಯೋಮಿತಿ ನಲವತ್ತರ ಆಸುಪಾಸಿನಲ್ಲಿರುತ್ತದೆ. ಹಿಂದುಳಿದ ವರ್ಗಗಳಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ರವರಿಗೆ ಅದರ ಮೇಲೆ ಕೆಲವು ವರ್ಷಗಳ ಸಡಿಲಿಕೆ ಇದೆ. ವಿಧವೆಯರಿಗೂ ಅಂಗವಿಕಲರಿಗೂ ಹತ್ತು ವರ್ಷ ಸಡಿಲಿಕೆ ಸಿಗುತ್ತದೆ. ಮಾಜಿ ಸೈನಿಕರಿಗೆ ಸೇನೆಯಲ್ಲಿ ಸಲ್ಲಿಸಿದ ಸೇವಾವಧಿಗೆ ಮೂರು ವರ್ಷ ಸೇರಿಸಿ ರಿಯಾಯಿತಿ ಕೊಡುತ್ತಾರೆ, ಆದ್ದರಿಂದ ಕಾರವಾರದ ನಿವೃತ್ತ ನಾವಿಕರಿಗೆ ಈ ಲೇಖನದ ಬಹುಪಾಲು ಎಚ್ಚರಿಕೆಗಳು ಅಷ್ಟಾಗಿ ತಟ್ಟುವುದಿಲ್ಲ. ಉಳಿದವರು ನೆನಪಿಡಬೇಕಾದ ಮಾತೆಂದರೆ, ವಯಸ್ಸನ್ನು ಎಣಿಸುವುದು ಅಧಿಸೂಚನೆಯಲ್ಲಿ ಹೇಳಿದ ದಿನಾಂಕಕ್ಕೆ, ಕೋರ್ಸಿಗೆ ಸೇರಿದ ದಿನಕ್ಕಲ್ಲ. ಮತ್ತು ಆ ಅಧಿಸೂಚನೆ ಪ್ರತಿವರ್ಷ ತಪ್ಪದೆ ಬರುವ ಹಬ್ಬವಲ್ಲ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದಾಗ ಅವುಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ ಸೇರಿದ್ದವು. ಉತ್ತರ ಕನ್ನಡ ಆ ಭಾಗದಲ್ಲಿಲ್ಲವಾದ್ದರಿಂದ ಉಳಿದ 10,000ವನ್ನು ನಮ್ಮ ಜಿಲ್ಲೆ ಮಿಕ್ಕೆಲ್ಲ ಜಿಲ್ಲೆಗಳ ಜೊತೆ ಹಂಚಿಕೊಳ್ಳಬೇಕಾಯಿತು. ಹೀಗಾಗಿ ಲೆಕ್ಕ ಹಾಕುವಾಗ ಇಂದಿನ ವಯಸ್ಸಿಗೆ ಕೋರ್ಸಿನ ಎರಡು ವರ್ಷ, ಪ್ರವೇಶಕ್ಕೂ ಫಲಿತಾಂಶಕ್ಕೂ ಕಾಯುವ ತಿಂಗಳುಗಳು, ಅಧಿಸೂಚನೆಗೆ ಕಾಯುವ ಅನಿಶ್ಚಿತ ಕಾಲ, ಇಷ್ಟನ್ನೂ ಕೂಡಿಸಬೇಕು. ಸಾಮಾನ್ಯ ವರ್ಗದ 36ರವರಿಗೆ ಒಂದು ನೇಮಕಾತಿಯಾದರೂ ಸಿಗಬಹುದೆಂದು ಆಶಿಸಲು ಕಾರಣವಿದೆ. 41ರವರು ಸರ್ಕಾರಿ ಬಾಗಿಲು ಮುಚ್ಚಿದೆ ಎಂದೇ ಭಾವಿಸಿ, ಅದರ ಹೊರತಾಗಿಯೂ ಈ ಕೆಲಸ ತಮಗೆ ಬೇಕೇ ಎಂದು ಕೇಳಿಕೊಳ್ಳಬೇಕು.

ಸರ್ಕಾರಿ ಕೆಲಸ ಸಿಕ್ಕಿತೆಂದೇ ಇಟ್ಟುಕೊಂಡರೂ ನಿವೃತ್ತಿ 60ಕ್ಕೆ. 2006ರ ಏಪ್ರಿಲ್ 1ರ ನಂತರ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿಯ ಬದಲು ಪ್ರತಿ ತಿಂಗಳ ವಂತಿಗೆಯಿಂದ ಕೂಡುವ ಎನ್‌ಪಿಎಸ್ ಇದೆ, ಅದರಲ್ಲಿ ಮೊತ್ತ ಬೆಳೆಯುವುದು ವರ್ಷಗಳ ಬಲದಿಂದ. ಹದಿನೈದು ಹದಿನಾರು ವರ್ಷದ ಸೇವೆಗೆ ಮೂವತ್ತು ವರ್ಷದ ಸೇವೆಯ ಭದ್ರತೆಯನ್ನು ನಿರೀಕ್ಷಿಸಬಾರದು.

ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ವಯಸ್ಸಿನ ದೃಷ್ಟಿಯಿಂದ ಯಾರಿಗೂ ತೊಡಕಲ್ಲ. ಅದಕ್ಕೆ ಗರಿಷ್ಠ ವಯೋಮಿತಿ ಇಲ್ಲ. ಮೊದಲು ಏಳು ವರ್ಷವಿದ್ದ ಪ್ರಮಾಣಪತ್ರದ ಮಾನ್ಯತೆಯನ್ನು 2021ರಲ್ಲಿ ಜೀವಮಾನಕ್ಕೆ ವಿಸ್ತರಿಸಲಾಯಿತು. ಒಂದರಿಂದ ಐದನೆಯ ತರಗತಿಗೆ ಪತ್ರಿಕೆ 1, ಆರರಿಂದ ಎಂಟಕ್ಕೆ ಪತ್ರಿಕೆ 2. ತಲಾ 150 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಸಾಮಾನ್ಯ ವರ್ಗದವರು ಶೇ. 60 ಪಡೆಯಬೇಕು. ಕೋರ್ಸಿನಲ್ಲಿ ಓದುತ್ತಿರುವಾಗಲೇ ಬರೆಯಬಹುದು, ಬರೆಯುವುದೇ ಜಾಣತನ.

ಎರಡನೆಯದು ಈಗಾಗಲೇ ಕೈಯಲ್ಲಿರುವ ಪದವಿ. ಬಿ.ಇಡಿ.ಗೆ ಪದವಿಯಲ್ಲಿ ಅಥವಾ ಸ್ನಾತಕೋತ್ತರದಲ್ಲಿ ಶೇ. 50 ಅಂಕ ಬೇಕು, ಮೀಸಲು ವರ್ಗಗಳಿಗೆ ರಿಯಾಯಿತಿ ಇದೆ. ಇಂಜಿನಿಯರಿಂಗ್ ಪದವೀಧರರಿಗೆ, ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಟಿಇ ನಿಯಮದಂತೆ ಶೇ. 55. ಅಂಕಕ್ಕಿಂತ ಹೆಚ್ಚು ಜನ ಎಡವುವುದು ವಿಷಯಗಳಲ್ಲಿ. ಪದವಿಯ ಮೂರೂ ವರ್ಷ ಯಾವ ಐಚ್ಛಿಕ ವಿಷಯ ಓದಿದ್ದೀರಿ ಎಂಬುದರ ಮೇಲೆ ಮುಂದೆ ಯಾವ ವಿಷಯದ ಶಿಕ್ಷಕರಾಗಬಹುದು ಎನ್ನುವುದು ತೀರ್ಮಾನವಾಗುತ್ತದೆ. ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತೇನೆ ಎಂಬ ಕಾರಣಕ್ಕೆ ಇಂಗ್ಲಿಷ್ ಶಿಕ್ಷಕರ ಹುದ್ದೆಗೆ ಅರ್ಹತೆ ಬರುವುದಿಲ್ಲ. ಬಿ.ಕಾಂ. ಮಾಡಿದವರ ಸ್ಥಿತಿ ಇನ್ನೂ ಇಕ್ಕಟ್ಟಿನದು, ಏಕೆಂದರೆ ಪ್ರೌಢಶಾಲೆಯಲ್ಲಿ ವಾಣಿಜ್ಯವೆಂಬ ವಿಷಯವೇ ಇಲ್ಲ. ಎಂ.ಕಾಂ. ಇದ್ದರೆ ಪಿಯು ಕಾಲೇಜಿನ ಹಾದಿ ಇದೆ, ಬರೀ ಬಿ.ಕಾಂ. ಇದ್ದವರು ಶುಲ್ಕ ಕಟ್ಟುವ ಮೊದಲು ತಮ್ಮ ಅಂಕಪಟ್ಟಿಯನ್ನು ಪ್ರವೇಶ ಕೇಂದ್ರದಲ್ಲಿ ತೋರಿಸಿ ಕೇಳಿಕೊಳ್ಳಲೇಬೇಕು.

ಮೂರನೆಯದು ಮನೆಯ ಹಣದ ಹರಿವು. ರೆಗ್ಯುಲರ್ ಬಿ.ಇಡಿ.ಯ ನಿಯಮಗಳು ತರಗತಿಗೆ ಶೇ. 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿ ಕೇಳುತ್ತವೆ. ಹಗಲಿನ ನೌಕರಿ ಇಟ್ಟುಕೊಂಡು ಇದನ್ನು ಪ್ರಾಮಾಣಿಕವಾಗಿ ಮಾಡಲು ಬರುವುದಿಲ್ಲ. ಆದ್ದರಿಂದ ನಿಜವಾದ ಖರ್ಚು ಕಾಲೇಜಿನ ಶುಲ್ಕವಷ್ಟೇ ಅಲ್ಲ, ಎರಡು ವರ್ಷ ಬಾರದೆ ಹೋಗುವ ಸಂಬಳವೂ ಹೌದು. ಬಹಳಷ್ಟು ಮನೆಗಳಲ್ಲಿ ಎರಡನೆಯದೇ ದೊಡ್ಡ ಮೊತ್ತ. ತೋಟದ ಆದಾಯ ಅಥವಾ ಸಂಗಾತಿಯ ಸಂಬಳ ಇದ್ದವರಿಗೂ, ಒಬ್ಬರ ದುಡಿಮೆಯಲ್ಲಿ ಮನೆ ನಡೆಯುತ್ತಿರುವವರಿಗೂ ಒಂದೇ ಸಲಹೆ ಹೊಂದುವುದಿಲ್ಲ.

ನಾಲ್ಕನೆಯದು ಊರು, ಇದನ್ನು ಬಹಳ ಜನ ಕೊನೆಗೆ ಯೋಚಿಸುತ್ತಾರೆ. ಸರ್ಕಾರಿ ಪ್ರಾಥಮಿಕ ಶಾಲಾ ಶಿಕ್ಷಕರ ಹುದ್ದೆ ಜಿಲ್ಲಾ ಮಟ್ಟದ್ದು. ನಮ್ಮಲ್ಲಿ ಕಾರವಾರ ಮತ್ತು ಶಿರಸಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಿವೆ: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಒಂದರಲ್ಲಿ, ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಇನ್ನೊಂದರಲ್ಲಿ. ಪ್ರೌಢಶಾಲಾ ಶಿಕ್ಷಕರ ಹುದ್ದೆ ವಿಭಾಗ ಮಟ್ಟದ್ದು, ಉತ್ತರ ಕನ್ನಡ ಬೆಳಗಾವಿ ವಿಭಾಗಕ್ಕೆ ಸೇರುವುದರಿಂದ ಮೊದಲ ನೇಮಕ ವಿಜಯಪುರದಲ್ಲೋ ಬಾಗಲಕೋಟೆಯಲ್ಲೋ ಆಗಬಹುದು. ಪಿಯು ಉಪನ್ಯಾಸಕರ ಹುದ್ದೆಯಂತೂ ಇಡೀ ರಾಜ್ಯಕ್ಕೆ. ತೋಟ ಬಿಟ್ಟು ಹೋಗಲಾರೆ, ಅಮ್ಮನನ್ನು ಒಬ್ಬಳೇ ಬಿಡಲಾರೆ ಎಂಬ ಕಾರಣಕ್ಕೇ ಈ ವೃತ್ತಿಗೆ ಬರುತ್ತಿರುವವರಿಗೆ ಈ ವ್ಯತ್ಯಾಸ ಸಂಬಳದ ವ್ಯತ್ಯಾಸಕ್ಕಿಂತ ಮುಖ್ಯವಾಗುತ್ತದೆ. ಜಿಲ್ಲೆಯೊಳಗೆ ಸಿಕ್ಕರೂ ಹೊಸಬರ ಮೊದಲ ನೇಮಕ ಸಾಮಾನ್ಯವಾಗಿ ಸಿ ವಲಯದ, ಅಂದರೆ ಪೇಟೆಯಿಂದ ದೂರದ ಶಾಲೆಗೇ.

ಇನ್ನು ಯಾವ ವಯಸ್ಸಿನ ಮಕ್ಕಳ ಜೊತೆ ದಿನವಿಡೀ ಇರಬಲ್ಲಿರಿ ಎನ್ನುವುದನ್ನು ನಿಮ್ಮ ಹೊರತು ಬೇರೆ ಯಾರೂ ಹೇಳಲಾರರು.

ಡಿ.ಇಎಲ್.ಇಡಿ.: ಚಿಕ್ಕ ಮಕ್ಕಳ ಹಾದಿ

ಹಿಂದಿನ ಟಿಸಿಎಚ್, ಆಮೇಲಿನ ಡಿ.ಇಡಿ., ಈಗಿನ ಡಿ.ಇಎಲ್.ಇಡಿ. ಪಿಯುಸಿಯಲ್ಲಿ ಶೇ. 50 ಬಂದವರಿಗೆ ಎರಡು ವರ್ಷದ ಕೋರ್ಸು. ಜಿಲ್ಲೆಯಲ್ಲಿ ಡಯಟ್, ಅಂದರೆ ಸರ್ಕಾರದ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆ, ಕುಮಟಾದಲ್ಲೊಂದು, ಶಿರಸಿಯಲ್ಲೊಂದು ಇರುವುದರಿಂದ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ವಿಚಾರಿಸಲು ಹತ್ತಿರವೇ.

2018ರಲ್ಲಿ ಎನ್‌ಸಿಟಿಇ ಬಿ.ಇಡಿ. ಮಾಡಿದವರೂ ಒಂದರಿಂದ ಐದನೆಯ ತರಗತಿಗೆ ಕಲಿಸಬಹುದೆಂದು ಹೇಳಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಹಾಗಾಗಿ ಕಿರಿಯ ಪ್ರಾಥಮಿಕ ತರಗತಿಗಳಿಗೆ ಈಗ ಡಿ.ಇಎಲ್.ಇಡಿ.ಯೇ ದಾರಿ, ಬಿ.ಇಡಿ. ಮಾಡಿ ಆಮೇಲೆ ನೋಡೋಣ ಎಂಬ ಹಳೆಯ ಸಲಹೆ ನಡೆಯುವುದಿಲ್ಲ. ಇದೇ ಡಿ.ಇಎಲ್.ಇಡಿ. ಜೊತೆಗೆ ಪದವಿಯೂ ಇದ್ದರೆ ಆರರಿಂದ ಎಂಟನೆಯ ತರಗತಿಗೂ ಅರ್ಹತೆ ಸಿಗುತ್ತದೆ. ಒಂಬತ್ತು, ಹತ್ತಕ್ಕೆ ಸಿಗುವುದಿಲ್ಲ.

ಕಿರಿಯ ತರಗತಿಯ ಕೆಲಸ ಹೇಗಿರುತ್ತದೆಂದು ಹೊರಗಿನವರಿಗೆ ಸಾಮಾನ್ಯವಾಗಿ ಅಂದಾಜಿರುವುದಿಲ್ಲ. ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಟ್ಟಿಗೇ ಇರುತ್ತಾರೆ. ಗೋಡೆಯ ಮೇಲೆ ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ, ರ‍್ಯಾಕಿನಲ್ಲಿ ಪ್ರಾಣಿ ಪಕ್ಷಿಗಳ ಲಾಂಛನವಿರುವ ಕಾರ್ಡುಗಳು, ಮಕ್ಕಳ ಎತ್ತರಕ್ಕೆ ಗೋಡೆಯ ಕೆಳಭಾಗದಲ್ಲಿ ಬಳಿದ ಕಪ್ಪು ಹಲಗೆ. ಪ್ರತಿ ಮಗು ತಾನಿರುವ ಮೆಟ್ಟಿಲಿನ ಕಾರ್ಡು ಹಿಡಿದು ತನ್ನ ಗುಂಪಿನ ಜಾಗಕ್ಕೆ ಹೋಗಿ ಕೂರುತ್ತದೆ. ಅಕ್ಕೋರು ಒಂದು ಗುಂಪಿನಿಂದ ಇನ್ನೊಂದಕ್ಕೆ ನೆಲದ ಮೇಲೆ ಕುಳಿತೆದ್ದು ಓಡಾಡುತ್ತಲೇ ಇರಬೇಕು. ಮೊಣಕಾಲು ನೋವಿರುವ ನಲವತ್ತೈದರವರು ಇದನ್ನು ಗಂಭೀರವಾಗಿಯೇ ಯೋಚಿಸಬೇಕು. ಕಾರವಾರದ ಕಡೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಎಂಬ ಮಕ್ಕಳಿಗೆ ಮೊದಲ ಕೆಲವು ತಿಂಗಳು ಕೊಂಕಣಿಯಲ್ಲೇ ಮಾತಾಡಿಸಬೇಕಾಗುತ್ತದೆ, ಹಳಿಯಾಳ, ಜೋಯಿಡಾಗಳಲ್ಲಿ ಮರಾಠಿ ಬಂದರೆ ಅನುಕೂಲ. ಇದು ಯಾವ ಪರೀಕ್ಷೆಯಲ್ಲೂ ಅಂಕ ತಂದುಕೊಡದ ಯೋಗ್ಯತೆ, ಆದರೆ ಊರವರಿಗೆ ಸಹಜವಾಗಿ ಇರುವಂಥದ್ದು.

ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಹತ್ತು ಮಕ್ಕಳೂ ಇಲ್ಲದ ಶಾಲೆಗಳು ಅಪರೂಪವಲ್ಲ. ಅಂಥಲ್ಲಿ ಒಬ್ಬರೇ ಪಾಠವನ್ನೂ ಬಿಸಿಯೂಟದ ಲೆಕ್ಕವನ್ನೂ ಪಾಲಕರ ಶಾಲಾ ಸಮಿತಿಯಾದ ಎಸ್‌ಡಿಎಂಸಿ ಸಭೆಯನ್ನೂ ನೋಡಿಕೊಳ್ಳಬೇಕು. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಕಡೆ ಕಿರಿಯ ಪ್ರಾಥಮಿಕ ಹುದ್ದೆಗಳು ಹೆಚ್ಚುತ್ತವೆಂದು ನಂಬಲು ಕಾರಣವಿಲ್ಲ. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ, ಪದವಿ ಇದ್ದು ನಲವತ್ತರ ಹತ್ತಿರ ಬಂದವರಿಗೆ ಈ ನಾಲ್ಕರಲ್ಲಿ ಕಡಿಮೆ ಫಲ ಕೊಡುವ ಹಾದಿ ಇದು. ಚಿಕ್ಕ ಮಕ್ಕಳೇ ಬೇಕೆನ್ನುವವರಿಗೆ, ಪಿಯುಸಿಗೇ ಓದು ನಿಂತವರಿಗೆ, ಜಿಲ್ಲೆ ಬಿಟ್ಟು ಹೋಗಲು ಸಾಧ್ಯವೇ ಇಲ್ಲದ ಮತ್ತು ವಯಸ್ಸಿನ ಸಡಿಲಿಕೆ ಇರುವವರಿಗೆ ಮಾತ್ರ ಇದನ್ನು ಸೂಚಿಸಬಲ್ಲೆ.

ರೆಗ್ಯುಲರ್ ಬಿ.ಇಡಿ.: ಹೆಚ್ಚು ಬಾಗಿಲು, ಹೆಚ್ಚು ಬೆಲೆ

ಬಿ.ಇಡಿ. ಮಾಡಿದವರಿಗೆ ಆರರಿಂದ ಎಂಟರವರೆಗೆ ಟಿಇಟಿಯೊಂದಿಗೆ, ಪ್ರೌಢಶಾಲೆಯಲ್ಲಿ ವಿಷಯ ಶಿಕ್ಷಕರಾಗಿ, ಶೇ. 55 ಅಂಕದ ಸ್ನಾತಕೋತ್ತರ ಪದವಿ ಇದ್ದರೆ ಪಿಯು ಉಪನ್ಯಾಸಕರಾಗಿ, ಜೊತೆಗೆ ಸಿಬಿಎಸ್‌ಇ ಶಾಲೆಗಳಲ್ಲಿ, ಇಷ್ಟು ಕಡೆ ಅವಕಾಶವಿದೆ. ನಡುವಯಸ್ಸಿನವರಿಗೆ ಈ ವಿಸ್ತಾರವೇ ದೊಡ್ಡ ಬಲ: ಸರ್ಕಾರಿ ಬಾಗಿಲು ಮುಚ್ಚಿದರೂ ಉಳಿದವು ತೆರೆದಿರುತ್ತವೆ.

ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಅಂಕ ಮತ್ತು ಮೀಸಲಾತಿಯ ಆಧಾರದಲ್ಲಿ ಹಂಚುತ್ತದೆ. ಇಪ್ಪತ್ತು ವರ್ಷದ ಹಿಂದೆ ಶೇ. 58 ಬಂದರೆ ಮನೆಯಲ್ಲಿ ಪಾಯಸ ಮಾಡುತ್ತಿದ್ದರು, ಇಂದಿನ ಪದವೀಧರರ ಅಂಕಗಳ ಎದುರು ಅದು ಹಿಂದೆ ಬೀಳುತ್ತದೆ. ಆಗ ಉಳಿಯುವುದು ಆಡಳಿತ ಮಂಡಳಿಯ ಕೋಟಾ. ಅದರ ಶುಲ್ಕ ಕಾಲೇಜಿನಿಂದ ಕಾಲೇಜಿಗೆ ಬೇರೆ. ಪ್ರವೇಶ, ಪ್ರಯೋಗ, ಪ್ರವಾಸ, ಸಮವಸ್ತ್ರ ಎಲ್ಲ ಸೇರಿಸಿ ಎರಡು ವರ್ಷದ ಮೊತ್ತವನ್ನು ಬರವಣಿಗೆಯಲ್ಲಿ ಪಡೆಯದೆ ಮುಂಗಡ ಕೊಡಬೇಡಿ.

ಕಾಲೇಜು ಆರಿಸುವಾಗ ಹೆಸರಿಗಿಂತ ದಾರಿಯನ್ನು ನೋಡಬೇಕೆಂದು ಹೇಳಿದರೆ ನಗು ಬರಬಹುದು, ಆದರೆ ನಮ್ಮ ಜಿಲ್ಲೆಯಲ್ಲಿ ಇದು ನಿಜ. ಕುಮಟಾದ ಕಮಲಾ ಬಾಳಿಗಾ ಶಿಕ್ಷಣ ಮಹಾವಿದ್ಯಾಲಯ ಕರಾವಳಿಯವರಿಗೆಲ್ಲ ಪರಿಚಿತ. ಜಿಲ್ಲೆಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರುವುದರಿಂದ ಪದವಿಯ ಮಾನ್ಯತೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಶಿರಸಿಯಿಂದ ಕುಮಟಾ ಸುಮಾರು 60 ಕಿ.ಮೀ., ನಡುವೆ ದೇವಿಮನೆ ಘಟ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನವೂ ಇಳಿದು ಹತ್ತುವುದು ಶೇ. 80 ಹಾಜರಾತಿಯ ಲೆಕ್ಕದಲ್ಲಿ ಕಷ್ಟವೇ. ಘಟ್ಟದ ಮೇಲಿನವರು ಕೆಳಗೆ ಸೀಟು ಪಡೆದರೆ ಮಳೆಗಾಲಕ್ಕಾದರೂ ಅಲ್ಲೇ ಕೋಣೆ ಹಿಡಿಯುವ ಬಾಡಿಗೆಯನ್ನು ಬಜೆಟ್ಟಿಗೆ ಸೇರಿಸಿಕೊಳ್ಳಲಿ. ಕರಾವಳಿಯುದ್ದಕ್ಕೆ ಓಡಾಡುವವರಿಗೂ ಹೆದ್ದಾರಿಯೊಂದನ್ನೇ ನಂಬಲಾಗದು ಎಂಬುದನ್ನು 2024ರ ಜುಲೈ 16ರ ಅಂಕೋಲಾ ಬಳಿಯ ಶಿರೂರು ಗುಡ್ಡ ಕುಸಿತ ತೋರಿಸಿದೆ, ಅವರಿಗೆ ಕೊಂಕಣ ರೈಲು ಇರುವುದು ಒಂದು ಸಮಾಧಾನ.

ಕೋರ್ಸಿನೊಳಗಿನ ಕೆಲಸದ ಬಗ್ಗೆಯೂ ಎರಡು ಮಾತು. ಎರಡು ಬೋಧನಾ ವಿಷಯಗಳನ್ನು ಆರಿಸಿಕೊಳ್ಳಬೇಕು. ಮೊದಲು ಸಹಪಾಠಿಗಳ ಎದುರಲ್ಲೇ ಕೆಲವು ನಿಮಿಷಗಳ ಸೂಕ್ಷ್ಮಬೋಧನೆ, ಆಮೇಲೆ ಶಾಲೆಯಲ್ಲಿ ನಿಜವಾದ ಪಾಠ. ಎರಡನೆಯ ವರ್ಷದಲ್ಲಿ 16 ವಾರ ಇಂಟರ್ನ್‌ಶಿಪ್. ಪ್ರತಿ ಪಾಠಕ್ಕೂ ಪಾಠಯೋಜನೆ ಬರೆಯಬೇಕು: ಕಲಿಕಾಂಶ, ಚಟುವಟಿಕೆ, ಬಳಸುವ ಸಾಮಗ್ರಿ, ಮೌಲ್ಯಮಾಪನದ ಪ್ರಶ್ನೆ, ಎಲ್ಲ ಗೆರೆ ಎಳೆದ ಅಂಕಣಗಳಲ್ಲಿ, ಅದೂ ಕೈಬರಹದಲ್ಲಿ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ಕುಳಿತು, ಹಲಗೆಯ ಮೇಲಿನ ಅಕ್ಷರ ಬಲಕ್ಕೆ ವಾಲಿದ್ದನ್ನೂ ಹಿಂದಿನ ಸಾಲಿನ ಹುಡುಗನಿಗೆ ಒಂದೂ ಪ್ರಶ್ನೆ ಕೇಳದಿದ್ದದ್ದನ್ನೂ ಆ ಪುಸ್ತಕದಲ್ಲೇ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಹಿಂದಿನ ಕೆಲಸದಲ್ಲಿ ಇಪ್ಪತ್ತು ಜನರ ಮೇಲಧಿಕಾರಿಯಾಗಿದ್ದವರಿಗೆ ತಮಗಿಂತ ಹತ್ತು ವರ್ಷ ಚಿಕ್ಕವರಿಂದ ಈ ಟಿಪ್ಪಣಿ ಪಡೆಯುವುದು ಶುಲ್ಕಕ್ಕಿಂತ ದುಬಾರಿ ಎನಿಸಬಹುದು. ಕೋರ್ಸನ್ನು ಅರ್ಧಕ್ಕೆ ಬಿಡುವ ಯೋಚನೆ ಬರುವುದೂ ಬಹಳ ಸಲ ಇಲ್ಲಿಯೇ, ಪರೀಕ್ಷೆಯಲ್ಲಲ್ಲ.

2025ರ ಫೆಬ್ರವರಿಯಲ್ಲಿ ಎನ್‌ಸಿಟಿಇ ಹೊರಡಿಸಿದ ಕರಡು ನಿಯಮಗಳಲ್ಲಿ ಸ್ನಾತಕೋತ್ತರ ಅಥವಾ ನಾಲ್ಕು ವರ್ಷದ ಪದವಿ ಇರುವವರಿಗೆ ಒಂದು ವರ್ಷದ ಬಿ.ಇಡಿ.ಯ ಪ್ರಸ್ತಾವವಿದೆ. ಕರಡಿನ ಆಸೆಗೆ ಒಂದು ಪ್ರವೇಶ ಋತುವನ್ನು ಕಳೆದುಕೊಳ್ಳುವುದು ವಯಸ್ಸಿನ ಅಂಚಿನಲ್ಲಿರುವವರಿಗೆ ತಕ್ಕದ್ದಲ್ಲ. 45 ದಾಟಿ ಖಾಸಗಿ ಶಾಲೆಯನ್ನೇ ಗುರಿಯಾಗಿಟ್ಟುಕೊಂಡವರು ಬೇಕಾದರೆ ಕಾಯಬಹುದು.

ದೂರಶಿಕ್ಷಣದ ಬಿ.ಇಡಿ.

ಇದನ್ನು ಚಿಕ್ಕದಾಗಿ ಮುಗಿಸಬಹುದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿರಲಿ, ಇಗ್ನೋ ಇರಲಿ, ದೂರಶಿಕ್ಷಣದ ಬಿ.ಇಡಿ. ಇರುವುದು ಈಗಾಗಲೇ ತರಬೇತಿ ಪಡೆದು ಪ್ರಾಥಮಿಕ ಶಾಲೆಯಲ್ಲಿ ಸೇವೆಯಲ್ಲಿರುವವರಿಗೆ, ಅಥವಾ ಡಿ.ಇಎಲ್.ಇಡಿ.ಯಂಥ ಕೋರ್ಸನ್ನು ತರಗತಿಗೆ ಹೋಗಿ ಮುಗಿಸಿದವರಿಗೆ. ಬೇರೆ ವೃತ್ತಿಯಿಂದ ಹೊಸದಾಗಿ ಬರುವವರಿಗೆ ಅದು ಸಿಗುವುದೇ ಇಲ್ಲ. ಇಪ್ಪತ್ತು ವರ್ಷದ ಹಿಂದೆ ಟಿಸಿಎಚ್ ಮಾಡಿ ಮದುವೆಯಾಗಿ ಮನೆಯಲ್ಲುಳಿದ ಹೆಣ್ಣುಮಕ್ಕಳು ಮಾತ್ರ ಇದನ್ನು ಖಂಡಿತ ವಿಚಾರಿಸಬೇಕು, ಅವರಿಗೆ ಇದು ಅತ್ಯಂತ ಅಗ್ಗದ ಮತ್ತು ಮನೆ ಬಿಡದೆ ನಡೆಯುವ ಹಾದಿ.

ಹಾಜರಾತಿ ಬೇಡ, ಪರೀಕ್ಷೆಗೆ ಬಂದರೆ ಸಾಕು ಎಂದು ಹೊರರಾಜ್ಯದ ಕಾಲೇಜುಗಳ ಹೆಸರಿನಲ್ಲಿ ಏಜೆಂಟರು ಆಸೆ ತೋರಿಸುವುದುಂಟು. ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಅದೇ ಎರಡು ವರ್ಷ ನೀವು ಬೇರೆಡೆ ಪೂರ್ಣಾವಧಿ ನೌಕರಿಯಲ್ಲಿದ್ದುದು ಪಿಎಫ್ ಲೆಕ್ಕದಿಂದಲೇ ಗೊತ್ತಾಗಬಹುದು. ಆ ದುಡ್ಡನ್ನು ಬೇರೆ ಯಾವುದಕ್ಕಾದರೂ ಬಳಸಿ.

ಮೊದಲು ತರಗತಿಗೆ ಇಳಿದು ನೋಡುವುದು

ನಾಲ್ಕನೆಯ ಆಯ್ಕೆ ಕೋರ್ಸಲ್ಲ, ಕೆಲಸ. ಸರ್ಕಾರಿ ಶಾಲೆಗಳ ಅತಿಥಿ ಶಿಕ್ಷಕರಿಗೆ 2025-26ರ ಬಜೆಟ್ಟಿನಲ್ಲಿ 2,000 ರೂಪಾಯಿ ಹೆಚ್ಚಿಸಿದ ಮೇಲೆ ತಿಂಗಳ ಗೌರವಧನ ಪ್ರಾಥಮಿಕದಲ್ಲಿ 12,000, ಪ್ರೌಢಶಾಲೆಯಲ್ಲಿ 12,500 ರೂಪಾಯಿ. ಶಾಲೆ ಶುರುವಾದಾಗ ನೇಮಕ, ಶೈಕ್ಷಣಿಕ ವರ್ಷ ಮುಗಿದಾಗ ಬಿಡುಗಡೆ, ಬೇಸಿಗೆಗೆ ಏನೂ ಇಲ್ಲ. ಗೌರವಧನ ತಿಂಗಳು ತಿಂಗಳಿಗೆ ಬಾರದೆ ಕೆಲವು ತಿಂಗಳದ್ದು ಒಟ್ಟಿಗೆ ಬರುವುದೂ ಉಂಟು. ಇದನ್ನೇ ನಂಬಿ ಸಂಸಾರ ನಡೆಸಲಾಗದು. ತರಬೇತಿ ಇದ್ದವರಿಗೆ ಇಲ್ಲಿ ಮೊದಲ ಆದ್ಯತೆ, ಆದ್ದರಿಂದ ಬಿ.ಇಡಿ. ಮುಗಿಸಿ ಅಧಿಸೂಚನೆಗೆ ಕಾಯುತ್ತಿರುವವರಿಗೆ ಇದು ಸರಿಯಾದ ತಂಗುದಾಣ.

ತರಬೇತಿ ಇಲ್ಲದವರಿಗೆ ಸಾಮಾನ್ಯವಾಗಿ ಬಾಗಿಲು ತೆರೆಯುವುದು ಖಾಸಗಿ ಶಾಲೆಗಳು, ಅದರಲ್ಲೂ ಎಲ್‌ಕೆಜಿ, ಯುಕೆಜಿ ಮತ್ತು ಗಣಿತ, ಕಂಪ್ಯೂಟರ್, ಸ್ಪೋಕನ್ ಇಂಗ್ಲಿಷ್‌ಗಳಿಗೆ. ಸಂಬಳ ಸಣ್ಣದು, ಆದರೆ ಕೆಲಸ ಮನೆಯ ಹತ್ತಿರವೇ. ಇದು ಬಹಳ ಕಾಲ ಹೀಗೇ ಸಾಗುತ್ತದೆಂದು ನಂಬಿ ಕೂರುವಂತಿಲ್ಲ: 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಸೇವೆಯಲ್ಲಿರುವ ಶಿಕ್ಷಕರಿಗೂ ಟಿಇಟಿ ಬೇಕು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವವರು ಎರಡು ವರ್ಷದೊಳಗೆ ಪಾಸಾಗಬೇಕು ಎಂದಿತು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಹೆಚ್ಚು ನ್ಯಾಯಮೂರ್ತಿಗಳ ಪೀಠಕ್ಕೆ ಕಳಿಸಲಾಗಿದೆ. ಆಡಳಿತ ಮಂಡಳಿಗಳು ಇನ್ನು ಮುಂದೆ ಎಂಟನೆಯ ತರಗತಿಯವರೆಗೆ ತರಬೇತಿಯಿಲ್ಲದವರನ್ನು ತೆಗೆದುಕೊಳ್ಳಲು ಹಿಂಜರಿದರೆ ಆಶ್ಚರ್ಯವಿಲ್ಲ.

ಕಾರವಾರದ ಸುತ್ತ ಇನ್ನೊಂದು ಅವಕಾಶವಿದೆ. ನೌಕಾನೆಲೆ ಮತ್ತು ಕೈಗಾ ಅಣುವಿದ್ಯುತ್ ಸ್ಥಾವರ ಇರುವುದರಿಂದ ಕೇಂದ್ರದ ಪಠ್ಯಕ್ರಮದ ಶಾಲೆಗಳು ಇಲ್ಲಿವೆ. ಮುಂಡಗೋಡದಲ್ಲಿ ನವೋದಯ ವಿದ್ಯಾಲಯವಿದೆ. ಕೇಂದ್ರೀಯ ವಿದ್ಯಾಲಯಗಳ ಖಾಯಂ ಹುದ್ದೆಗೆ ವಯೋಮಿತಿ ರಾಜ್ಯದ್ದಕ್ಕಿಂತ ಬಿಗಿ, ಟಿಜಿಟಿಗೆ (ಪದವೀಧರ ಶಿಕ್ಷಕ) 35, ಪಿಜಿಟಿಗೆ (ಸ್ನಾತಕೋತ್ತರ ಶಿಕ್ಷಕ) 40. ಆದರೆ ವರ್ಷಕ್ಕೊಮ್ಮೆ ವಾಕ್-ಇನ್ ಸಂದರ್ಶನದಿಂದ ತುಂಬುವ ಗುತ್ತಿಗೆ ಹುದ್ದೆಗಳಲ್ಲಿ ನಡುವಯಸ್ಸಿನವರಿಗೂ ಜಾಗವಿರುತ್ತದೆ. ಬಿ.ಇಡಿ. ಮತ್ತು ಕೇಂದ್ರದ ಟಿಇಟಿಯಾದ ಸಿಟಿಇಟಿ ಇದ್ದು ಹಿಂದಿ ಅಥವಾ ಇಂಗ್ಲಿಷ್‌ನಲ್ಲಿ ಸರಾಗವಾಗಿ ಪಾಠ ಮಾಡಬಲ್ಲವರು ಇದನ್ನು ಬಿಡಬಾರದು.

ಅನುದಾನಿತ ಪ್ರೌಢಶಾಲೆಗಳು ನಮ್ಮ ಜಿಲ್ಲೆಯ ಹೆಗ್ಗಳಿಕೆ. ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಜನತಾ ವಿದ್ಯಾಲಯಗಳಲ್ಲಿ ಓದಿದವರು ಎಲ್ಲೆಡೆ ಇದ್ದಾರೆ. ಅನುದಾನಿತ ಹುದ್ದೆಗೆ ಸಂಬಳ ಸರ್ಕಾರದ್ದು, ಊರೂ ಬದಲಾಗುವುದಿಲ್ಲ, ಹಾಗಾಗಿ ಊರು ಬಿಡಲಾಗದವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಸರ್ಕಾರ ತುಂಬಲು ಅನುಮತಿ ಕೊಟ್ಟ ಹುದ್ದೆಗೆ ಮಾತ್ರ ಅದು ಅನ್ವಯ, ವಯೋಮಿತಿಯೂ ಇದೆ. ಅನುಮತಿ ಬರುವವರೆಗೆ ಆಡಳಿತ ಮಂಡಳಿಯ ಗೌರವಧನದಲ್ಲಿ ಇರಿ, ಆಮೇಲೆ ಖಾಯಂ ಆಗುತ್ತದೆ ಎಂಬ ಭರವಸೆ ಸಿಕ್ಕರೆ, ಹುದ್ದೆ ಯಾವಾಗ ಖಾಲಿಯಾಯಿತು, ಅನುಮತಿಗೆ ಪತ್ರ ಹೋಗಿದೆಯೇ, ಮೀಸಲಾತಿ ರೋಸ್ಟರ್‌ನಲ್ಲಿ ಅದು ಯಾವ ವರ್ಗಕ್ಕೆ ಬರುತ್ತದೆ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಕೇಳಿದ್ದಕ್ಕೆ ಬೇಸರಪಡುವ ಆಡಳಿತ ಮಂಡಳಿಯಾದರೆ ಅದೂ ಒಂದು ಉತ್ತರವೇ.

ಮನೆಯ ಸ್ಥಿತಿಗೆ ಹೊಂದಿಸಿ ನೋಡಿದರೆ

ಸಂಗಾತಿಗೆ ಸಂಬಳವಿದ್ದು, ಬಿ.ಎಸ್ಸಿ. ಅಥವಾ ಇಂಗ್ಲಿಷ್ ಐಚ್ಛಿಕದ ಬಿ.ಎ. ಇದ್ದು, ವಯಸ್ಸು 38ರೊಳಗಿದ್ದರೆ ಹೆಚ್ಚು ಯೋಚಿಸದೆ ರೆಗ್ಯುಲರ್ ಬಿ.ಇಡಿ.ಗೆ ಸೇರಬಹುದು, ಎರಡನೆಯ ವರ್ಷದಲ್ಲೇ ಟಿಇಟಿ ಬರೆಯಬೇಕು, ಏಕೆಂದರೆ ಪದವೀಧರ ಪ್ರಾಥಮಿಕ ಹುದ್ದೆಯ ಆಯ್ಕೆಯಲ್ಲಿ ಟಿಇಟಿ ಅಂಕಕ್ಕೂ ಪಾಲಿದೆ. ಅದೇ ವಯಸ್ಸಿನಲ್ಲಿ ಊರು ಬಿಡಲಾಗದವರು ವಿಭಾಗ ಮಟ್ಟದ ಪ್ರೌಢಶಾಲೆಗಿಂತ ಜಿಲ್ಲಾ ಮಟ್ಟದ ಆರರಿಂದ ಎಂಟನೆಯ ತರಗತಿಯ ಹುದ್ದೆಯನ್ನೇ ಗುರಿಯಾಗಿಟ್ಟುಕೊಳ್ಳಲಿ. ಸಂಬಳ ಸ್ವಲ್ಪ ಕಡಿಮೆಯಾದರೂ ಎರಡು ಮನೆ ನಡೆಸುವ ಖರ್ಚು ತಪ್ಪುತ್ತದೆ.

ಸಾಮಾನ್ಯ ವರ್ಗದಲ್ಲಿದ್ದು 42 ದಾಟಿದವರು, ತೋಟ ಅಥವಾ ಉಳಿತಾಯದ ಆಧಾರವಿರುವವರು, ಬಿ.ಇಡಿ. ಮಾಡಬಾರದೆಂದಲ್ಲ. ಅವರು ಮೊದಲು ಒಂದು ಶೈಕ್ಷಣಿಕ ವರ್ಷ ಹತ್ತಿರದ ಖಾಸಗಿ ಶಾಲೆಯಲ್ಲಿ ಕಲಿಸಿ ನೋಡಲಿ. ನವೆಂಬರ್ ಹೊತ್ತಿಗೆ, ಅರ್ಧವಾರ್ಷಿಕದ ಉತ್ತರ ಪತ್ರಿಕೆಗಳ ಕಟ್ಟು ಮನೆಗೆ ಬಂದಾಗಲೂ ಉತ್ಸಾಹ ಉಳಿದಿದ್ದರೆ ಮುಂದಿನ ಪ್ರವೇಶಕ್ಕೆ ಅರ್ಜಿ ಹಾಕಬಹುದು. ಎಂ.ಎ., ಎಂ.ಎಸ್ಸಿ., ಎಂ.ಕಾಂ. ಇದ್ದರೆ ಬಿ.ಇಡಿ.ಯ ಬೆಲೆ ಇಮ್ಮಡಿಯಾಗುತ್ತದೆ, ಏಕೆಂದರೆ ಖಾಸಗಿ ಪಿಯು ಕಾಲೇಜುಗಳಲ್ಲಿ ಅನುಭವವಿರುವ ವಿಷಯತಜ್ಞರಿಗೆ ಶಾಲೆಗಿಂತ ಉತ್ತಮ ಸಂಬಳ ಕೇಳುವ ಅವಕಾಶವಿದೆ.

ಒಬ್ಬರ ಸಂಬಳದಲ್ಲೇ ಮನೆ ನಡೆಯುತ್ತಿದ್ದು, ಆ ಸಂಬಳ ನಿಮ್ಮದೇ ಆಗಿದ್ದರೆ, ಎರಡು ವರ್ಷದ ಮನೆಖರ್ಚು ಮತ್ತು ಕೋರ್ಸಿನ ಶುಲ್ಕ ಬ್ಯಾಂಕಿನಲ್ಲಿ ಇಲ್ಲದೆ ರಾಜೀನಾಮೆ ಕೊಡುವುದನ್ನು ನಾನು ಒಪ್ಪಲಾರೆ. ಸಾಲ ಮಾಡಿ ಆಡಳಿತ ಮಂಡಳಿ ಕೋಟಾದ ಸೀಟು ಹಿಡಿದು, ಹೊರಬಂದ ಮೇಲೆ 12,500ರ ಗೌರವಧನದಲ್ಲಿ ಕಂತು ಕಟ್ಟುವ ಲೆಕ್ಕ ಯಾವ ರೀತಿಯಲ್ಲೂ ಕೂಡುವುದಿಲ್ಲ. ಅಂಥವರು ಸಂಜೆಯ ಟ್ಯೂಷನ್‌ನಿಂದ ಆರಂಭಿಸಿ ಕಲಿಸುವ ಆಸೆಯನ್ನು ತೀರಿಸಿಕೊಳ್ಳುವುದರಲ್ಲಿ ಕೊರತೆಯೇನಿಲ್ಲ.

ಯಾವ ಹಾದಿ ಹಿಡಿದರೂ ಈಗಲೇ ಮಾಡಬಹುದಾದ ಕೆಲಸವೊಂದಿದೆ, ದಾಖಲೆಗಳನ್ನು ಸರಿಪಡಿಸಿಕೊಳ್ಳುವುದು. 2022ರ ನೇಮಕಾತಿಯಲ್ಲಿ ವಿವಾಹಿತ ಮಹಿಳೆಯರ ಜಾತಿ ಮತ್ತು ಆದಾಯ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿರಬೇಕೋ ಗಂಡನ ಹೆಸರಿನಲ್ಲಿರಬೇಕೋ ಎಂಬ ವಿವಾದ ಹೈಕೋರ್ಟಿಗೆ ಹೋಗಿ ಆಯ್ಕೆಪಟ್ಟಿಯೇ ತಡವಾಯಿತು. ಆದ್ದರಿಂದ ಅಧಿಸೂಚನೆ ಯಾವ ನಮೂನೆ ಕೇಳುತ್ತದೆಂದು ಅಕ್ಷರಶಃ ಓದಿ, ಆ ನಮೂನೆಯಲ್ಲೇ, ಅರ್ಜಿಯ ಕೊನೆಯ ದಿನಾಂಕದೊಳಗಿನ ಪ್ರಮಾಣಪತ್ರ ಪಡೆಯಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಆಧಾರ್‌ಗೂ ಅಕ್ಷರ ವ್ಯತ್ಯಾಸವಿದ್ದರೆ ಅದನ್ನು ಪ್ರವೇಶಕ್ಕೆ ಮೊದಲೇ ಸರಿಪಡಿಸಿಕೊಳ್ಳಿ. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ, ಹಳ್ಳಿಯ ಶಾಲೆಯಲ್ಲಿ ಓದಿದವರು ಆಯಾ ಮೀಸಲಾತಿಯ ಪ್ರಮಾಣಪತ್ರಗಳಿಗಾಗಿ ತಾವು ಓದಿದ ಶಾಲೆಗೆ ಹೋಗಬೇಕಾಗುತ್ತದೆ. ಆ ಶಾಲೆ ಮುಚ್ಚಿದ್ದರೆ ದಾಖಲೆ ಯಾವ ಶಾಲೆಗೆ ವರ್ಗವಾಗಿದೆಯೆಂದು ಹುಡುಕಿ ತರಲು ಸಮಯ ಬೇಕು, ಅದನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳಬಾರದು.